ಸಮ್ಮೇಳನದ ಆಣಿ

ಆಣಿ ಅಂಟುತ್ತಿರಲಿಲ್ಲ.

ಹೋಟೆಲಿನ ಬಚ್ಚಲುಮನೆಗೆ ಚಿಲಕ ಹಾಕಿ, ಮುಚ್ಚಿದ ಕಮೋಡಿನ ಮೇಲೆ ಕುಳಿತು, ಬಲಗಾಲನ್ನು ಎಡ ಮಂಡಿಯ ಮೇಲೇರಿಸಿಕೊಂಡು ಕಂಡಕ್ಟರು ಮತ್ತೊಮ್ಮೆ ಒತ್ತಿ ನೋಡಿದರು. ಮೇಣದಬತ್ತಿಯ ಮೇಣಕ್ಕೆ ಕಂದು ಬೂಟ್‌ಪಾಲಿಶ್ ಬೆರೆಸಿ ಮನೆಯಲ್ಲೇ ಉಂಡೆ ಕಟ್ಟಿದ ಕಾಲಿನ ಆಣಿ ಅದು. ನೋಡುವುದಕ್ಕೆ ಅಸಲಿಯನ್ನೂ ಮೀರಿಸುವಂತಿತ್ತು. ಅಂಗಾಲಿಗೆ ಕಚ್ಚಿಕೊಳ್ಳುವ ಬುದ್ಧಿ ಮಾತ್ರ ಇರಲಿಲ್ಲ.

ಹೊರಗಿನಿಂದ ಸಂಘದ ಕಾರ್ಯದರ್ಶಿ ಬಾಗಿಲು ತಟ್ಟಿದರು. "ಸಾರ್, ಎಲ್ಲಾ ಕಾಯ್ತಾ ಇದಾರೆ. ಆಣಿ ಹೇಗಿದೆ?"

"ಕಲ್ಲು! ಕಲ್ಲಾಗಿದೆ!" ಎಂದರು ಕಂಡಕ್ಟರು, ಅಂಟನ್ನು ಊದುತ್ತಾ.

"ಹಾಗಾದ್ರೆ ಸರಿ. ನಿಧಾನಕ್ಕೇ ಬನ್ನಿ, ಅವಸರ ಏನಿಲ್ಲ."

ಪಾದವೈದ್ಯರ ಸಂಘದ ವಾರ್ಷಿಕ ಸಮ್ಮೇಳನಕ್ಕೆ ಕಂಡಕ್ಟರು ವೈದ್ಯರಾಗಿ ಬಂದವರಲ್ಲ, ಕಾಲಾಗಿ ಬಂದವರು. ಬಸ್ಸಿನಲ್ಲಿ ಜೀವಮಾನವಿಡೀ ನಿಂತು ಸಂಪಾದಿಸಿದ ಅವರ ಆಣಿ ಯಾರ ಕತ್ತರಿಗೂ ಜಗ್ಗದೆ ಮತ್ತೆ ಮತ್ತೆ ಬೆಳೆದು ಹೆಸರು ಮಾಡಿತ್ತು. ಅಂದಿನಿಂದ ಪ್ರತಿ ವರ್ಷ ಕರೆ, ಕೋಣೆ, ಊಟ, ಎದೆಗೊಂದು ಬಿಲ್ಲೆ. ಅವರನ್ನು ವೇದಿಕೆಯ ಮೇಲೆ ಕೂರಿಸಿ ಎಲ್ಲರೂ ಆಣಿಯನ್ನು ಪರೀಕ್ಷಿಸುವರು. ಕತ್ತರಿಸಬೇಕು ಎನ್ನುವವರಿಗೂ ಮೆತ್ತೆ ಕಟ್ಟಬೇಕು ಎನ್ನುವವರಿಗೂ ಜುಟ್ಟು ಹಿಡಿಯುವುದೊಂದು ಬಾಕಿ. ಅದರ ನಡುವೆ ಕಂಡಕ್ಟರು ಬಸ್ಸಿನ ಕಥೆಯೊಂದನ್ನು ಹರಿಬಿಟ್ಟರೆ ಸಭೆಗೆ ಸಭೆಯೇ ಹೊಟ್ಟೆ ಹಿಡಿದುಕೊಂಡು ನಗುವುದು.

"ನೀವು ಬರೋಕೆ ಮುಂಚೆ ಎಲ್ಲಾ ಸಹಿ ಹಾಕಿ ಊರು ಸುತ್ತೋಕೆ ಹೋಗ್ಬಿಡ್ತಿದ್ರು" ಎಂದು ಅಧ್ಯಕ್ಷರೇ ಒಮ್ಮೆ ಹೇಳಿದ್ದರು.

ಮನೆಯಲ್ಲಿ ಆ ಕಥೆಗಳನ್ನು ಮೂಸಿ ನೋಡುವವರಿರಲಿಲ್ಲ. ಬಾಯಿ ತೆರೆದರೆ ಮಗಳು "ಅಪ್ಪಾ, ಅದು ಹೇಳಾಯ್ತು" ಎನ್ನುವಳು. ಅಳಿಯನೂ ಮೊಮ್ಮಕ್ಕಳೂ ಮೊಬೈಲಿನಿಂದ ತಲೆಯೆತ್ತರು. ಪ್ರೀತಿಗೇನೂ ಕೊರತೆಯಿಲ್ಲ, ಬರ ಇದ್ದದ್ದು ಕಿವಿಗೆ. ವರ್ಷಕ್ಕೊಮ್ಮೆ ಸಭಾಂಗಣ ತುಂಬ ಕಿವಿ ಸಿಗುವುದು ಇಲ್ಲಿ ಮಾತ್ರ.

ಅಂಥದ್ದರಲ್ಲಿ ಆಣಿಯೇ ಕೈಕೊಟ್ಟಿತು. ನಿವೃತ್ತರಾದ ಮರುವರ್ಷ ಸ್ನಾನ ಮಾಡುವಾಗ ತಾನಾಗಿಯೇ ಉದುರಿಹೋಯಿತು. "ನಿಂತೂ ನಿಂತೂ ಬಂದಿದ್ದು, ನಿಲ್ಲೋದು ಬಿಟ್ರೆ ಹೋಗುತ್ತೆ" ಎಂದು ವೈದ್ಯರು ಹಿಂದೆಲ್ಲ ಹೇಳುತ್ತಲೇ ಇದ್ದರು. ಈಚೆಗೆ ಯಾಕೋ ಯಾರೂ ಆ ಮಾತೆತ್ತುತ್ತಿರಲಿಲ್ಲ. ಬೇರೆಯವರಾಗಿದ್ದರೆ ಕುಣಿದಾಡುತ್ತಿದ್ದರು, ಕಂಡಕ್ಟರಿಗೆ ಅಂದು ಅನ್ನ ಸೇರಲಿಲ್ಲ. ಆಣಿಯಿಲ್ಲದ ಕಾಲನ್ನು ಯಾವ ಸಮ್ಮೇಳನ ಕರೆದೀತು? ಮೇಣದಬತ್ತಿ ಕೈಗೆ ಬಂದದ್ದು ಹಾಗೆ. ಕಳೆದ ಎರಡು ಸಮ್ಮೇಳನಗಳಲ್ಲೂ ತಜ್ಞರೆಂಬ ತಜ್ಞರ ಕಣ್ಣಿಗೆ ಮಣ್ಣೆರಚಿ ಬಚಾವಾಗಿದ್ದರು. ಒಳಗೊಳಗೇ ಹೆಮ್ಮೆಯೂ ಇತ್ತು, ಅಳುಕೂ ಇತ್ತು.

ಅಂತೂ ಇಂತೂ ಆಣಿ ಕಚ್ಚಿಕೊಂಡಿತು. ಕಂಡಕ್ಟರು ಬೇಕೆಂದೇ ಒಂದಿಷ್ಟು ಕುಂಟುತ್ತಾ ವೇದಿಕೆ ಹತ್ತಿದಾಗ ಚಪ್ಪಾಳೆಯೋ ಚಪ್ಪಾಳೆ. ಈಚಿನ ವರ್ಷಗಳಂತೆ ಈ ಸಲವೂ ಸಭಾಂಗಣ ಗಡಗಡ ನಡುಗಿಸುವಷ್ಟು ತಣ್ಣಗಿತ್ತು. ಕೋಟು ತೊಟ್ಟವರೂ ಕೈ ಉಜ್ಜಿಕೊಳ್ಳುತ್ತಿದ್ದರು. ದೀಪದ ಬೆಳಕೆಲ್ಲ ಕಂಡಕ್ಟರ ಮುಖಕ್ಕೆ, ಕಾಲು ನೆರಳಿನಲ್ಲಿ. ಹಿಂದಿನ ಪರದೆಯ ಮೇಲೆ ಆಣಿಯ ಹಳೆಯ ಫೋಟೋ. ದೊಡ್ಡವರ ಶೋಕಿ ಎಂದುಕೊಂಡು ಅವರು ಕುರ್ಚಿಯಲ್ಲಿ ಕಾಲು ಚಾಚಿದರು.

ಹಿರಿಯ ವೈದ್ಯರು ಒಬ್ಬೊಬ್ಬರಾಗಿ ಬಂದು, ಒಣ ಹತ್ತಿಯಿಂದ ಆಣಿಯ ಸುತ್ತ ಮೆಲ್ಲಗೆ ಒರೆಸಿ ತಲೆಯಾಡಿಸಿದರು.

"ಬೇರು ಬಹಳ ಆಳಕ್ಕಿದೆ" ಎಂದರು ಒಬ್ಬರು.

"ಹೋದ ವರ್ಷಕ್ಕಿಂತ ಚೆನ್ನಾಗಿ ಬಂದಿದೆ" ಎಂದರು ಇನ್ನೊಬ್ಬರು.

ಕಂಡಕ್ಟರಿಗೆ ಹೋದ ಜೀವ ಬಂದಂತಾಯಿತು. ಮದುವೆ ಗಂಡನ್ನು ತಪ್ಪು ಬಸ್ಸಿಗೆ ಹತ್ತಿಸಿದ ಕಥೆ ಶುರು ಮಾಡಿದರು. ಸಭೆ ಆಗಲೇ ಕಿಸಕ್ಕೆನ್ನತೊಡಗಿತು.

ಆಗ ಹೊಸ ಡಾಕ್ಟರಮ್ಮ ಎದ್ದು ಬಂದಳು. ಈ ವರ್ಷವಷ್ಟೇ ಸಂಘ ಸೇರಿದವಳು. ಕೈಯಲ್ಲಿ ಬೆಚ್ಚನೆಯ ನೀರಿನ ಟಬ್ಬು.

"ಮೊದಲು ಕಾಲು ನೆನೆಸ್ಬೇಕು, ಆಮೇಲೆ ನೋಡ್ಬೇಕು. ಯಾರೂ ನೆನೆಸೇ ಇಲ್ವಲ್ಲ?"

ಮುಂದಿನ ಸಾಲಿನಲ್ಲಿದ್ದ ಅಧ್ಯಕ್ಷರು ಚೇಳು ಕಡಿದವರಂತೆ ಎದ್ದರು. "ಬೇಡಮ್ಮಾ! ಅವರಿಗೆ... ಅವರಿಗೆ ನೀರು ಆಗಿಬರಲ್ಲ!"

"ಹೌದೌದು, ಆಗಿಬರಲ್ಲ" ಎಂದರು ಕಂಡಕ್ಟರು.

"ಸ್ವಲ್ಪ ಹೊತ್ತು ಅಷ್ಟೇ ತಾತ" ಎನ್ನುತ್ತಲೇ ಅವಳು ಅವರ ಕಾಲನ್ನು ಟಬ್ಬಿನಲ್ಲಿ ಮುಳುಗಿಸಿಯಾಗಿತ್ತು.

ಅಂಗಾಲಿನಡಿ ಏನೋ ಸಡಿಲವಾಯಿತು. ಮದುವೆ ಗಂಡು ಕಂಡಕ್ಟರ ಗಂಟಲಲ್ಲೇ ಸಿಕ್ಕಿಕೊಂಡ. ಆಣಿ ಬುಳಕ್ಕನೆ ಮೇಲೆದ್ದು, ಒಂದು ಸುತ್ತು ಹೊಡೆದು, ಆರಾಮವಾಗಿ ತೇಲತೊಡಗಿತು.

ಡಾಕ್ಟರಮ್ಮ ಅದನ್ನು ನೋಡಿದಳು. ಅವರ ಕಾಲೆತ್ತಿ ನೋಡಿದಳು. ಎಳೆಮಗುವಿನ ಅಂಗಾಲಿನಂತೆ ನುಣ್ಣಗಿತ್ತು.

"ಇದು ಮೇಣ!" ಎಂದಳು. ಮೈಕು ಆ ಮಾತನ್ನು ಕೊನೆಯ ಸಾಲಿನವರೆಗೂ ಮುಟ್ಟಿಸಿತು.

ಕಂಡಕ್ಟರಿಗೆ ಭೂಮಿ ಬಾಯ್ದೆರೆಯಬಾರದೇ ಎನಿಸಿತು. ಅವಮಾನಕ್ಕಿಂತ ಸಂಕಟವೇ ಹೆಚ್ಚು. ಇನ್ನು ಈ ಮುಖಗಳಿಲ್ಲ, ಈ ನಗುವಿಲ್ಲ. ಬಿಲ್ಲೆ ಬಿಚ್ಚಿ, ವೇದಿಕೆ ಹತ್ತಿ ಬರುತ್ತಿದ್ದ ಅಧ್ಯಕ್ಷರತ್ತ ಚಾಚಿದರು.

"ನಾನು ಹೊರಡ್ತೀನಿ ಸಾರ್. ನಿಮ್ಮನ್ನೆಲ್ಲ ಬಿಟ್ಟಿರೋಕೆ ಮನಸ್ಸಾಗ್ಲಿಲ್ಲ, ಅದಕ್ಕೇ..."

ಅಧ್ಯಕ್ಷರು ಬಿಲ್ಲೆಯನ್ನು ತೆಗೆದುಕೊಂಡು ಅವರ ಎದೆಗೇ ಮತ್ತೆ ಚುಚ್ಚಿದರು. ಆಮೇಲೆ ಪರದೆಯ ಹಿಂದಕ್ಕೆ ತಿರುಗಿ ಗಂಟಲೆತ್ತಿ ಕೂಗಿದರು:

"ಕಾರ್ಯದರ್ಶಿಗಳೇ, ನಾವು ಮಾಡಿಸಿಟ್ಟಿರೋ ಸ್ಪೇರ್ ಆಣಿ ತನ್ರೀ! ಬೇಗ, ಕಥೆ ಅರ್ಧಕ್ಕೇ ನಿಂತಿದೆ!"