ಎಡ ಬಾಗಿಲಿನ ಗೆರೆಗಳು

ಮಾಲಿಂಗ ಬೆಳಗಿನಿಂದ ಕಾರಿನ ಎಡ ಬಾಗಿಲನ್ನೇ ಉಜ್ಜುತ್ತಿದ್ದ. ಬಲ ಬಾಗಿಲಿನ ಕಡೆ ತಿರುಗಿಯೂ ನೋಡಿರಲಿಲ್ಲ. ಅಡುಗೆಮನೆಯ ಕಿಟಕಿಯಿಂದ ಹೆಂಡತಿ ದೀಪಾ ಅದನ್ನೇ ನೋಡುತ್ತ ನಿಂತಿದ್ದಳು. ಒಲೆಯ ಮೇಲೆ ಹಾಲು ಉಕ್ಕಿ ಚೆಲ್ಲಿದ್ದೂ ಅವಳಿಗೆ ತಿಳಿಯಲಿಲ್ಲ.

ಘೋಡಗೇರಿಯ ಆ ಓಣಿಯಲ್ಲಿ ಕರಿ ಕಾರು ಇದ್ದದ್ದು ಇವರದೊಂದೇ. ಹೊಸ ಕಾರಿನ ವಾಸನೆ ಇನ್ನೂ ಹೋಗಿರಲಿಲ್ಲ. ಮೊನ್ನೆ ಸಂಜೆ ಗೋಕಾಕ ರಸ್ತೆಯಲ್ಲಿ ದೀಪಾಳ ಸೋದರಮಾವ ಸತ್ತೆಪ್ಪನ ಸೈಕಲ್ಲಿಗೆ ಗುದ್ದಿ, ನಿಲ್ಲಿಸದೆ ಹೋದದ್ದೂ ಕರಿ ಕಾರೇ ಎಂದು ನೋಡಿದವರು ಹೇಳಿದ್ದರು. ತುಕ್ಕಾನಟ್ಟಿಯ ಸತ್ತೆಪ್ಪ ಈಗ ಗೋಕಾಕದ ಆಸ್ಪತ್ರೆಯಲ್ಲಿ ಕಣ್ಣು ಬಿಡದೆ ಮಲಗಿದ್ದ. ತಂದೆಯಿಲ್ಲದ ದೀಪಾಳನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು ಅವನು. ಗುದ್ದಿದವನು ಯಾರು ಎಂದು ತಿಳಿಯುವ ತನಕ ಅವಳಿಗೆ ಅನ್ನ ಸೇರುವಂತಿರಲಿಲ್ಲ.

ಮೊನ್ನೆ ಅವಳು ಹುಕ್ಕೇರಿಯ ಶಾಲೆಯಿಂದ ಪಾಠ ಮುಗಿಸಿ ಮನೆಗೆ ಬಂದಾಗ ಕಾರು ಅಂಗಳದಲ್ಲಿರಲಿಲ್ಲ. ಕತ್ತಲಾದ ಮೇಲೆ ಮಾಲಿಂಗ ಬಂದ. ಎಡ ಬಾಗಿಲು ಗೋಡೆಯ ಕಡೆ ಬರುವಂತೆ ಒತ್ತಿ ನಿಲ್ಲಿಸಿದ.

"ಎಲ್ಲಿಗಿ ಹೋಗಿದ್ರಿ?"

"ಗೋಕಾಕಕ್ಕ."

"ಏನ್ ಕೆಲಸಿತ್ರಿ?"

"ಇತ್ತು."

ಊಟಕ್ಕೆ ಕೂತವನು ಒಂದೇ ರೊಟ್ಟಿಗೆ ಎದ್ದುಬಿಟ್ಟ. ಮರುದಿನ ಅವನು ಸ್ನಾನಕ್ಕೆ ಹೋದದ್ದನ್ನು ನೋಡಿ ದೀಪಾ ಗೋಡೆಗೂ ಕಾರಿಗೂ ನಡುವೆ ತೂರಿದಳು. ಬಾಗಿಲ ತುಂಬ ಗೆರೆ. ತಗ್ಗು ಬಿದ್ದಿರಲಿಲ್ಲ. ಯಾರೋ ಏನನ್ನೋ ತಿಕ್ಕಿ ತಿಕ್ಕಿ ತೆಗೆದಂತೆ ಸುತ್ತು ಸುತ್ತಾದ ಗೆರೆಗಳು. ಕಾರಿನ ಪೂಜೆಯ ದಿನ ಎರಚಿದ ಭಂಡಾರದ ಪುಡಿ ಎಣ್ಣೆಗೆ ಕೂಡಿಕೊಂಡು ಆ ಬಾಗಿಲ ಮೇಲೆ ಅರಿಶಿನದ ಕಲೆಯಾಗಿ ಉಳಿದಿತ್ತು. ಈಗ ಅದೂ ಇರಲಿಲ್ಲ. ದೇವರ ಭಂಡಾರವನ್ನೂ ಬಿಡದೆ ಒರೆಸುವಷ್ಟು ಅವಸರ ಈ ಮನುಷ್ಯನಿಗೆ ಏನಿತ್ತು? ರಕ್ತ ಎಂಬ ಮಾತು ತಲೆಗೆ ಬಂದದ್ದೇ ದೀಪಾ ಗೋಡೆಯ ಸಂದಿನಿಂದ ಹೊರಗೆ ಬಂದುಬಿಟ್ಟಳು.

ಅದೇ ಸಂಜೆ ಅವನು ಗೋಕಾಕದ ಕಾರು ಸಾಮಾನಿನ ಅಂಗಡಿಯವನೊಂದಿಗೆ ಫೋನಿನಲ್ಲಿ ಮಾತಾಡಿದ್ದೂ ಕಿವಿಗೆ ಬಿತ್ತು. ಮೇಣ ಬೇಕೋ ಸೀಲಂಟ್ ಬೇಕೋ ಎಂದು ಆ ಕಡೆಯವನು ಕೇಳಿರಬೇಕು.

"ಹೊಳಪಿಂದು ಬಿಡ್ರಿ, ಬಾಳಿಕಿದೂ ಬಿಡ್ರಿ," ಎಂದ ಮಾಲಿಂಗ. "ಗೆರಿ ಮುಚ್ಚೂದು ಯಾವುದು, ಅದನ್ನ ಹೇಳ್ರಿ. ಯಾರ ಕಣ್ಣಿಗೂ ಬೀಳಬಾರದು."

ಇಂದು ಭಾನುವಾರ. ಅವನ ಸುತ್ತ ಡಬ್ಬಿಗಳ ಸಂತೆ. ಶಾಂಪೂ ಹಾಕಿ ತೊಳೆದಾಗಿತ್ತು, ಬೇವಿನ ನೆರಳಿಗೆ ಸರಿಸಿ ಪಾಲಿಶ್ ತಿಕ್ಕಿದ್ದೂ ಆಗಿತ್ತು. ಸ್ಪಂಜಿನ ತುದಿಗೆ ಸೀಲಂಟ್ ತಗುಲಿಸಿಕೊಂಡು ತೆಳ್ಳಗೆ ಸವರಿದ. ಅದು ಮಬ್ಬಾಗಿ ಒಣಗುವ ತನಕ ಕಾಯಬೇಕು. ಕಾಯುವುದು ಅವನಿಂದ ಆಗಲಿಲ್ಲ. ಅಂಗಳದಲ್ಲಿ ಶತಪಥ ತುಳಿದ. ಮಬ್ಬನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ, ಬಗ್ಗಿ, ಬೆಳಕಿಗೆ ಓರೆಯಾಗಿ ನೋಡಿದ. ಗೆರೆಗಳು ಇನ್ನೂ ಕಾಣುತ್ತಿದ್ದವು. ಸೀಲಂಟ್ ಬಣ್ಣವನ್ನು ಕಾಯುತ್ತದೆ, ಗೆರೆಯನ್ನು ಅಡಗಿಸುವುದಿಲ್ಲ. ಬೈದುಕೊಂಡು ಕರಿ ಮೇಣದ ಡಬ್ಬಿ ಬಿಚ್ಚಿದ.

ದೀಪಾ ಚಹಾ ಹಿಡಿದುಕೊಂಡು ಹೊರಗೆ ಬಂದಳು.

"ಬಾಗಲಕ್ಕ ಏನಾಗೇತ್ರಿ?"

"ಏನಿಲ್ಲ."

"ಖರೆ ಹೇಳ್ರಿ."

ಹಿತ್ತಲಲ್ಲಿ ಅವನ ತಾಯಿ ರಾಮವ್ವ ಏನೋ ಗುನುಗುತ್ತ ಕೆಲಸದಲ್ಲಿದ್ದಳು. ಮಾಲಿಂಗ ಆ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ.

"ಕೇಳಬ್ಯಾಡ. ನಿನ್ನ ಬಾಯಾಗ ಮಾತ ನಿಲ್ಲೂದಿಲ್ಲ. ಅವ್ವಗ ಗೊತ್ತಾದ್ರ ಎದಿ ಒಡಕೊಂತಾಳ. ಆಗಿದ್ದು ಆಗಿಹೋತು, ಮುಚ್ಚಿಬಿಡೂಣು."

ಇಷ್ಟು ಹೇಳಿ ಅವನು ಮೇಣಕ್ಕೆ ಬೆರಳಿಟ್ಟ. ಒಂದು ಜೀವ ಆಸ್ಪತ್ರೆಯಲ್ಲಿ ಒದ್ದಾಡುತ್ತಿರುವಾಗ ಈತನಿಗೆ ಬಾಗಿಲಿನ ಚಿಂತೆ. ದೀಪಾಳಿಗೆ ಸಿಟ್ಟಿಗಿಂತ ನಾಚಿಕೆಯೇ ಹೆಚ್ಚಾಯಿತು. ಇರುವೆಯನ್ನೂ ತುಳಿಯದ ಗಂಡ ಸಿಕ್ಕಿದ್ದಾನೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದವಳು ತಾನೇ ಅಲ್ಲವೇ?

ಒಳಗೆ ಹೋಗಿ ಕದ ಮುಂದೆ ಮಾಡಿ, ಆಸ್ಪತ್ರೆಯಲ್ಲಿದ್ದ ಅಣ್ಣ ಭೀಮರಾಯನಿಗೆ ಫೋನ್ ಹಚ್ಚಿದಳು.

"ಅಣ್ಣಾ, ಮಾವಗ ಗುದ್ದಿದ ಕಾರ್ ನಮ್ಮ ಅಂಗಳದಾಗ ಐತಿ."

ಭೀಮರಾಯ ಹೇಳಿದ, "ಪೊಲೀಸರನ್ನ ಕರ್ಕೊಂಡ ಬರತೇನಿ. ಅಲ್ಲಿ ತನಕ ನೀ ಸುಮ್ನಿರು."

ದೀಪಾ ಕೂತಳು. ಎದ್ದಳು. ಮತ್ತೆ ಕೂತಳು. ಗಂಡನನ್ನು ತಾನೇ ಹಿಡಿದುಕೊಟ್ಟೆನಲ್ಲ ಎಂದುಕೊಂಡಳು. ಮಾವನ ಮುಖ ನೆನಪಾಗಿ, ಕೊಟ್ಟದ್ದೇ ಸರಿ ಎನಿಸಿತು. ಸೆರಗಿನಿಂದ ಮುಖ ಒರೆಸಿಕೊಂಡು ಕಿಟಕಿಗೆ ಬಂದರೆ, ಎಡ ಬಾಗಿಲು ಕನ್ನಡಿಯಂತೆ ಹೊಳೆಯುತ್ತಿತ್ತು. ಒಂದು ಗೆರೆಯೂ ಇಲ್ಲ. ಮಾಲಿಂಗ ಸೊಂಟ ಹಿಡಿದುಕೊಂಡು ನಗುತ್ತಿದ್ದ. ಆ ನಗು ನೋಡಿ ಅವಳಿಗೆ ಸುಮ್ಮನಿರಲಾಗಲಿಲ್ಲ.

ಹೊರಗೆ ಬಂದು ಗಟ್ಟಿಯಾಗಿ ಹೇಳಿದಳು, "ನಮ್ಮಣ್ಣ ಬರಾಕತ್ತಾನ್ರಿ. ಕೂಡ ಪೊಲೀಸರೂ ಬರತಾರ."

ಮಾಲಿಂಗನ ಕೈಯಿಂದ ಬಟ್ಟೆ ಜಾರಿತು. "ಪೊಲೀಸರ? ಈ ಗೆರಿಗೆ?"

ಓಣಿಯ ತಿರುವಿನಲ್ಲಿ ಜೀಪಿನ ಸದ್ದು ಕೇಳಿಸಿತು. ಅಷ್ಟರಲ್ಲಿ ರಾಮವ್ವ ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಹಿತ್ತಲಿಂದ ಬಂದಳು. ಒಂದು ಕೈಯಲ್ಲಿ ತೆಂಗಿನ ನಾರು, ಇನ್ನೊಂದರಲ್ಲಿ ಒಲೆಯ ಬೂದಿ ತುಂಬಿದ ಪರಾತ. ಯಾರ ಮುಖವನ್ನೂ ನೋಡದೆ ನೇರ ಬಲ ಬಾಗಿಲಿನ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ಬೀಗರು ಬರೂದ್ರಾಗ ಈ ಬಾಜೂನೂ ತಿಕ್ಕಿಬಿಡತೇನಿ ತಡೀರಿ. ಮೊನ್ನಿ ಮುಂಜಾನೆ ಆ ಬಾಜೂ ಭಂಡಾರದ ಕಲಿ ಹಿಂಗ ತಿಕ್ಕಿ ತಗದೇನಿ, ನೋಡವ್ವಾ ದೀಪಾ, ಹೆಂಗ ಹೊಳಿಯಾಕತ್ತೈತಿ."