ದ್ವಾನನ ರುಮಾಲು

ಸತ್ತವನ ನಾಚಿಕೆಯನ್ನು ಬಯಲಿಗೆಳೆಯುವುದು ತಪ್ಪು. ಹೇಳುವ ಯೋಗ್ಯತೆಯೂ ನನಗಿಲ್ಲ. ಆದರೂ ಹೇಳುತ್ತಿದ್ದೇನೆ, ನಮ್ಮೂರಿನ ಹಿರಿಯರು ಮನ್ನಿಸಬೇಕು.

ಸಿಪಾಯಿಗಳು ದೋಣಿ ಇಳಿದರೆಂದು ಕೇಳಿದ್ದೇ ತಡ, ದ್ವಾನ್ ರುಮಾಲನ್ನು ಇನ್ನೊಂದು ಸುತ್ತು ಬಿಗಿದ. ಅಷ್ಟರಲ್ಲಿ ನೆರೆಯವರು ಬಾಗಿಲು ತಳ್ಳಿಕೊಂಡು ಬಂದರು. "ಏಳಣ್ಣಾ, ಮೂಯಿ ಅಜ್ಜಿ ಮನೇಲಿ ಮಲಗು. ನಿನ್ನ ಕೂದಲು ಅವರ ಕಣ್ಣಿಗೆ ಬೀಳಬಾರದು."

ತಲೆಗಂದಾಯ ಇಳಿಸಿ, ಬಿಟ್ಟಿ ದುಡಿಮೆ ನಿಲ್ಲಿಸಿ ಎಂದು ಆ ವಸಂತದಲ್ಲಿ, ಫ್ರೆಂಚರು ಆಳುತ್ತಿದ್ದ ನಮ್ಮ ಕ್ವಾಂಗ್ ನಾಮ್ ಸೀಮೆಯ ರೈತರು ಸಾವಿರಗಟ್ಟಲೆ ಹೋಗಿ ಫ್ರೆಂಚ್ ಅಧಿಕಾರಿಯ ಬಂಗಲೆ ಮುಂದೆ ಕೂತಿದ್ದರು. ಹೋದವರೆಲ್ಲ ಅಲ್ಲೇ ರಸ್ತೆಯಲ್ಲಿ ಒಬ್ಬರ ಜುಟ್ಟನ್ನು ಒಬ್ಬರು ಕತ್ತರಿಸಿಕೊಂಡರು. ಹೆತ್ತವರು ಕೊಟ್ಟ ಕೂದಲು, ಹುಟ್ಟಿದಾಗಿನಿಂದ ಕತ್ತರಿ ಕಾಣದ್ದು. ಅದನ್ನೇ ಕೊಟ್ಟ ಮೇಲೆ ಹಿಂದೆ ಸರಿಯುವ ಮಾತಿಲ್ಲ. ಈಗ ಸರ್ಕಾರಕ್ಕೂ ಅದೇ ಗುರುತಾಗಿತ್ತು. ಮೋಟು ಕೂದಲು ಕಂಡರೆ ಕೈಗೆ ಕೋಳ.

ನಮ್ಮೂರಿನಿಂದ ಹನ್ನೊಂದು ಜನ ಹೊರಟಿದ್ದರು. ಮೂರು ದಿನದ ಮೇಲೆ ತಿರುಗಿ ಬಂದವನು ದ್ವಾನ್ ಒಬ್ಬನೇ, ಕಿವಿ ಮುಚ್ಚುವಂತೆ ಕರಿ ರುಮಾಲು ಸುತ್ತಿಕೊಂಡು. ಯಾರೂ ಏನೂ ಕೇಳಲಿಲ್ಲ. ಕೇಳುವುದೇನಿತ್ತು? ಮರುದಿನ ಅವನ ಜಗುಲಿಯಲ್ಲಿ ಯಾರೋ ಗೆಣಸು ಇಟ್ಟು ಹೋಗಿದ್ದರು. ಊರಚಾವಡಿಯಲ್ಲಿ ಹಿರಿಯರು ಸರಿದು ಮೇಲಿನ ಚಾಪೆಯಲ್ಲಿ ಜಾಗ ಕೊಟ್ಟರು. ದ್ವಾನ್ ಆ ಚಾಪೆಯ ಅಂಚಿನಲ್ಲಿ ತಲೆ ತಗ್ಗಿಸಿ ಕೂತ.

"ಏನಣ್ಣಾ, ಈ ಸೆಖೇಲೂ ತಲೆಗೆ ಕಂಬಳಿಯಾ?" ಎಂದ ಅಂಬಿಗ.

"ತಲೇಲಿ ಕುರು ಎದ್ದಿದೆ."

"ಅಂಥ ಕುರು ನನಗೂ ಏಳಬಾರದಿತ್ತಾ! ಹೆಂಡತಿ ಕಾಲು ಹಿಡ್ಕೊಂಡ್ಲು, ಉಳಿದುಬಿಟ್ಟೆ."

ಹೊಳೆಯಲ್ಲಿ ಬಟ್ಟೆ ಒಗೆಯುವಾಗ ಹೆಂಗಸರು ಅವನ ಹೆಂಡತಿ ಲೂವಾಳನ್ನು ಕೆಣಕಿದರು. "ಇನ್ನು ನಿನಗೆ ಗಂಡನ ಸೀಗೆಕಾಯಿ ಖರ್ಚು ಉಳೀತು ಬಿಡೇ!" ಲೂವಾ ನಗಲಿಲ್ಲ. ಮನೆಗೆ ಬಂದು ಬಾಗಿಲು ಹಾಕಿ ಹೇಳಿದಳು: "ಎಷ್ಟು ದಿನ ಹೀಗೆ? ಬಿಚ್ಚಿಬಿಡಿ."

"ಬಿಚ್ಚಿದರೆ ನಾನು ಉಳೀತೀನಾ?"

ಎಲ್ಲಕ್ಕಿಂತ ಕಷ್ಟವಾದದ್ದು ಮೂಯಿ ಅಜ್ಜಿಯ ಮುಂದೆ. ಅವಳ ಒಬ್ಬನೇ ಮಗ ತ್ರಾ ಹನ್ನೊಂದರಲ್ಲಿ ಒಬ್ಬ; ಬಂಗಲೆ ಮುಂದೆ ಗುಂಡು ತಿಂದು ಸತ್ತ. "ಕೊನೆಗೆ ಏನಂದ ಮಗಾ, ನನ್ನ ತ್ರಾ?" ಎಂದು ಅವಳು ಕೇಳಿದಾಗ ದ್ವಾನ್ ನೆಲ ನೋಡುತ್ತ ಹೇಳಿದ: "ಅಮ್ಮನ್ನ ನೋಡ್ಕೋ ಅಂದ." ಮುದುಕಿ ಅಳುತ್ತಲೇ ನಕ್ಕಳು. "ಅವನದೇ ಮಾತು. ಯಾವತ್ತೂ ಅಷ್ಟೇ ಮಾತಾಡೋನು."

ಈಗ ಅವಳದೇ ಮನೆಯಲ್ಲಿ, ತ್ರಾನ ಚಾಪೆಯ ಮೇಲೆ ದ್ವಾನನನ್ನು ಮಲಗಿಸಿ ಹೊದಿಕೆ ಎಳೆದರು.

ಹವಾಲ್ದಾರ ಅಂಗಳಕ್ಕೆ ಬಂದ. "ಒಳಗಿರೋನು ಯಾರು?"

"ನನ್ನ ಮಗ," ಎಂದಳು ಮೂಯಿ ಅಜ್ಜಿ, ಹೊಸ್ತಿಲಿಗೆ ಅಡ್ಡ ನಿಂತು.

"ಹೊರಗೆ ಬಂದು ತಲೆ ತೋರಿಸೋಕೆ ಹೇಳು."

"ಸಿಡುಬು ಎದ್ದಿದೆ ಕಣಪ್ಪಾ. ನಿನಗೂ ಅಂಟಿಕೊಂಡೀತು. ಇರೋ ಅಷ್ಟು ಚೆಲುವೂ ಹೋದರೆ ನಿನಗೆ ಹೆಣ್ಣು ಕೊಡೋರು ಯಾರು?"

ಸಿಪಾಯಿಗಳು ಕಿಸಕ್ಕನೆ ನಕ್ಕರು. ಹವಾಲ್ದಾರ ನಗಲಿಲ್ಲ. ಬೆತ್ತ ಬಿತ್ತು. ಮತ್ತೆ ಬಿತ್ತು. ಮುದುಕಿ ಹೊಸ್ತಿಲು ಬಿಡಲಿಲ್ಲ.

ಬಿದಿರು ತಟ್ಟಿಯ ಸಂದಿನಿಂದ ದ್ವಾನನಿಗೆ ಎಲ್ಲ ಕಾಣುತ್ತಿತ್ತು. ಅಂಗಳದಾಚೆ ಇಡೀ ಊರು ನಿಂತಿತ್ತು. ಬರಬೇಡ, ಬರಬೇಡ ಎನ್ನುತ್ತಿದ್ದವು ಅಷ್ಟೂ ಕಣ್ಣುಗಳು. ಅವನ ಕೈ ರುಮಾಲಿನವರೆಗೆ ಹೋಯಿತು, ಇಳಿಯಿತು. ಬಿಚ್ಚಿದರೆ ಏಟು ನಿಲ್ಲುತ್ತದೆ. ಅಷ್ಟು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಬೆತ್ತದ ಸದ್ದು ಕೇಳುತ್ತ ಮಲಗಿದ್ದ. ಕೈ ಮತ್ತೆ ಹೋಯಿತು, ಮತ್ತೆ ಇಳಿಯಿತು.

ಮೂಯಿ ಅಜ್ಜಿ ಕುಸಿದಳು.

ಆಗ ಅವನು ಎದ್ದ. ಅವಳನ್ನು ದಾಟಿ ಅಂಗಳಕ್ಕೆ ಬಂದ. "ಬೇಡ ದ್ವಾನಣ್ಣಾ!" ಎಂದು ಅಂಬಿಗ ಚೀರಿದ. ಹೆಂಗಸರು ಕೈಯಲ್ಲಿ ಮುಖ ಮುಚ್ಚಿಕೊಂಡರು. ಹಿರಿಯರು ಅವನಿಗೆ ತಲೆ ಬಾಗಿಸಿದರು. ದ್ವಾನ್ ಯಾರ ಮುಖವನ್ನೂ ನೋಡದೆ ರುಮಾಲಿನ ಒಂದೊಂದೇ ಸುತ್ತು ಬಿಚ್ಚಿದ.

ಕೂದಲು ಸೊಂಟದವರೆಗೆ ಇಳಿಬಿತ್ತು, ಒಂದೆಳೆಯೂ ಮೋಟಾಗದೆ, "ಥೂ, ಇವನು ಅಲ್ಲಿಗೆ ಹೋದವನೇ ಅಲ್ಲ, ಒಳ್ಳೇ ಪ್ರಜೆ!" ಎಂದು ಹವಾಲ್ದಾರ ನಗುತ್ತ ಅವನ ಬೆನ್ನು ತಟ್ಟಿದ, ಮೂಯಿ ಅಜ್ಜಿ ನೆಲದಿಂದ ಕತ್ತೆತ್ತಿ ಅವನನ್ನು ನೋಡಿದಳು, ಮತ್ತು ಆಮೇಲೆ ಅವಳು ಏನಂದಳೋ, ಏನೂ ಅನ್ನಲಿಲ್ಲವೋ, ನನಗೆ ಗೊತ್ತಿಲ್ಲ.