ಬಾಲ್ಕನಿಯ ರಬ್ಬರ್ ಶೀಟು

ಮಗನಿಗೆಂದು ಇವತ್ತು ತಂದ ರಬ್ಬರ್ ಶೀಟನ್ನು ಬಿಚ್ಚಿದಾಗ, ನೈರೋಬಿಯ ಕಿಲಿಮಾನಿಯಲ್ಲಿದ್ದ ನಮ್ಮ ಫ್ಲಾಟಿನ ವಾಸನೆ ಬಂತು.

ಆಗ ನನಗೆ ಎಂಟು ವರ್ಷ. ಅಪ್ಪನಿಗೆ ಪ್ರಾಸ್ಟೇಟ್ ಕ್ಯಾನ್ಸರಿನ ಆಪರೇಷನ್ ಆಗಿ ತಿಂಗಳಾಗಿತ್ತು. ಟ್ಯೂಬ್ ತೆಗೆದಿದ್ದರೂ ಮೂತ್ರದ ಮೇಲೆ ಹಿಡಿತ ಬಂದಿರಲಿಲ್ಲ. ಅಪ್ಪನಿಂದ ಬೈಸಿಕೊಂಡು ಬೈಸಿಕೊಂಡು ನಾನು ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದೆ. ಕಪಾಟು ಸೇರಿದ್ದ ನನ್ನ ರಬ್ಬರ್ ಶೀಟನ್ನು ಅಮ್ಮ ಈಗ ಅಪ್ಪನ ಹಾಸಿಗೆಗೆ ಹಾಸುತ್ತಿದ್ದಳು; ಬೆಳಿಗ್ಗೆ ತೊಳೆದು ಬಾಲ್ಕನಿಯಲ್ಲಿ ಹರವುತ್ತಿದ್ದಳು.

ಒಂದು ಮಧ್ಯಾಹ್ನ ಅಪ್ಪನ ಫ್ಯಾಕ್ಟರಿಯ ಮೂರ್ತಿ ಅಂಕಲ್ ನೋಡಲು ಬಂದರು. ಅಪ್ಪನಿಗೆ ಆಗಿದ್ದು ಹರ್ನಿಯಾ ಆಪರೇಷನ್ ಎಂದು ಅವರಿಗೆ ಹೇಳಿದ್ದೆವು. ಕಾಫಿ ಕುಡಿಯುತ್ತ ಬಾಲ್ಕನಿಯತ್ತ ನೋಡಿದವರು, “ಏನು ಪುಟ್ಟಿ, ಇನ್ನೂ ಹಾಸಿಗೆ ಒದ್ದೆ ಮಾಡ್ತೀಯಾ?” ಎಂದು ನಕ್ಕರು.

ಅಮ್ಮ ಚಕ್ಕುಲಿಯ ತಟ್ಟೆಯನ್ನು ಅವರತ್ತ ಸರಿಸಿಟ್ಟಳು. ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. ಕೆಳಗೆ ರಸ್ತೆಯಲ್ಲಿ ಮಟಾಟು ಮಿನಿಬಸ್ಸೊಂದು ಜೋರಾಗಿ ಹಾಡು ಹಾಕಿಕೊಂಡು ಹೋಯಿತು.

“ಯೆಸ್ ಅಂಕಲ್,” ಎಂದೆ. “ಸಮ್‌ಟೈಮ್ಸ್.”

ಅವರು ಹೋದ ಮೇಲೆ ಅಪ್ಪ ನಿಧಾನವಾಗಿ ಬಾಲ್ಕನಿಗೆ ನಡೆದರು. ಶೀಟನ್ನು ಮಡಿಸಲು ಹೋಗಿ, ಇನ್ನೂ ಒಣಗಿಲ್ಲವೆಂದು ಅಲ್ಲೇ ಬಿಟ್ಟು, ಸ್ಟೂಲಿನ ಮೇಲೆ ಕುಳಿತರು. ನನ್ನ ಕಡೆ ನೋಡದೆ ಹೇಳಿದರು:

“ಆಗೆಲ್ಲಾ ನಿನ್ನ ಸುಮ್‌ಸುಮ್ನೆ ಬೈತಿದ್ದೆ ಕಣಮ್ಮಾ.”